ಬಾದಾಮಿಯ ಬಂಡೆ ಕಲಿಸಿದ ಪಾಠ

ಗದಗಿನಿಂದ ಬಾಗಲಕೋಟೆಗೆ ಸಾಗುವ ರೈಲುದಾರಿಯಲ್ಲಿ ಬಾದಾಮಿಯ ನಿಲ್ದಾಣದಲ್ಲಿ ಇಳಿದ ಪ್ರವಾಸಿಗನಿಗೆ ಊರು ಕೂಡಲೇ ಮುಖ ತೋರಿಸುವುದಿಲ್ಲ. ಐದು ಕಿಲೋಮೀಟರಿನಷ್ಟು ದಾರಿ ಸವೆದ ಮೇಲೆ, ಬಯಲಿನ ನಡುವಿನಿಂದ ಒಮ್ಮೆಗೇ ಎದ್ದು ನಿಂತಂತೆ ಎರಡು ಕೆಂಪು ಬೆಟ್ಟಗಳು ಕಾಣಿಸುತ್ತವೆ. ಅವುಗಳ ತೋಳತೆಕ್ಕೆಯಲ್ಲಿ ಅಗಸ್ತ್ಯತೀರ್ಥದ ಹಸಿರು ನೀರು. ನೀರಿನ ಮೂಡಣದ ಅಂಚಿನಲ್ಲಿ ಭೂತನಾಥನ ಗುಡಿ. ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಹೆಂಗಸರ ಮಾತು, ಕಪಿಗಳ ಗದ್ದಲ. ಒಂದು ಕಾಲದಲ್ಲಿ ಇದು ವಾತಾಪಿ. ನರ್ಮದೆಯವರೆಗೆ ಕೈ ಚಾಚಿದ್ದ ಒಂದು ರಾಜ್ಯದ ರಾಜಧಾನಿ.

ಚಳಿಗಾಲ ಬಂತೆಂದರೆ ಬಾದಾಮಿಗೆ ಶಾಲೆಯ ಮಕ್ಕಳ ಸುಗ್ಗಿ. ದಿನವೂ ಹತ್ತಾರು ಬಸ್ಸುಗಳು ಬಂದು ನಿಲ್ಲುತ್ತವೆ. ಮಕ್ಕಳು ಸಾಲಾಗಿ ಇಳಿದು, ಸಾಲಾಗಿ ಮೆಟ್ಟಿಲು ಹತ್ತಿ, ಇಲಾಖೆಯವರು ನೆಟ್ಟ ಫಲಕದ ಮುಂದೆ ನಿಂತು ಅದರಲ್ಲಿರುವುದನ್ನು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಬೆನ್ನ ಹಿಂದೆ ಹದಿನೆಂಟು ತೋಳುಗಳ ನಟರಾಜ ಕುಣಿಯುತ್ತಿರುತ್ತಾನೆ. ಅವನ ಕಡೆ ತಿರುಗಿ ನೋಡಲು ಬಿಡುವಿಲ್ಲ. ಬರೆದದ್ದು ಮುಗಿಯಿತೆಂದರೆ ಇತಿಹಾಸವೂ ಮುಗಿಯಿತು. ಉಳಿದದ್ದು ಪುಳಿಯೋಗರೆಯ ಬುತ್ತಿ.

ಅಂಥ ಒಂದು ಬೆಳಗ್ಗೆ ನಲವತ್ತು ಮಕ್ಕಳ ಒಂದು ಗುಂಪು ಬಂದಿತು. ಯಾವುದೋ ಹಳ್ಳಿಯ ಪ್ರಾಥಮಿಕ ಶಾಲೆ, ಐದನೆಯ ತರಗತಿ. ಜೊತೆಗೆ ನಿವೃತ್ತಿಗೆ ಹತ್ತಿರವಾದ ಒಬ್ಬ ಮೇಷ್ಟ್ರು, ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ತರುಣ ಶಿಕ್ಷಕ. ಫಲಕದ ಮುಂದೆ ಪೆನ್ಸಿಲು ತೆಗೆದ ಮಕ್ಕಳಿಗೆ ಮೇಷ್ಟ್ರು, "ಪುಸ್ತಕ ಚೀಲದಲ್ಲಿ ಇಡಿ, ನಟರಾಜನ ಕೈಗಳನ್ನು ಎಣಿಸಿ" ಎಂದರು. ಒಬ್ಬನಿಗೆ ಹದಿನಾರು ಸಿಕ್ಕವು, ಇನ್ನೊಬ್ಬಳಿಗೆ ಹದಿನೇಳು. ಜಗಳವಾಯಿತು, ಮತ್ತೆ ಎಣಿಸಿದರು. ಹದಿನೆಂಟು ಎಂದು ಒಪ್ಪಂದವಾಗುವ ಹೊತ್ತಿಗೆ ಆ ಶಿಲ್ಪ ನಲವತ್ತು ಮಂದಿಯ ಕಣ್ಣಿನಲ್ಲಿಯೂ ನೆಲೆಸಿತ್ತು.

ಮೂರನೆಯ ಗುಹೆ ಎಲ್ಲಕ್ಕೂ ದೊಡ್ಡದು. ಹೆಡೆಯೆತ್ತಿದ ಶೇಷನ ಮೇಲೆ ಕುಳಿತ ವಿಷ್ಣು, ಆಕಾಶಕ್ಕೆ ಕಾಲೆತ್ತಿದ ತ್ರಿವಿಕ್ರಮ, ಗತ್ತಿನಿಂದ ನಿಂತ ನರಸಿಂಹ ಇಲ್ಲಿದ್ದಾರೆ. ಇದನ್ನು ಕಡೆಯಿಸಿದವನು ಮಂಗಲೇಶ. ಶಕವರ್ಷ 500, ಎಂದರೆ ಕ್ರಿ. ಶ. 578 ಎಂದು ಶಾಸನದಲ್ಲಿಯೇ ಕಾಲ ಹೇಳಿದೆ. ಈ ಕೆಲಸದ ಪುಣ್ಯ ತನ್ನ ಅಣ್ಣ ಕೀರ್ತಿವರ್ಮನಿಗೆ ಸಲ್ಲಲಿ ಎಂದೂ ಅವನು ಬರೆಸಿದ್ದಾನೆ. ದೊರೆಯ ಶಾಸನವಷ್ಟೇ ಅಲ್ಲ, ಕಲ್ಲು ಕಡೆದ ಕೆಲವು ಶಿಲ್ಪಿಗಳ ಹೆಸರುಗಳೂ ಬಂಡೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಉಳಿದಿವೆ.

ಆದರೆ ಹತ್ತು ವರ್ಷದ ಮಗುವಿಗೆ 578 ಎಂದರೇನು? ಅಜ್ಜಿಯ ಬಾಲ್ಯವೇ ಅದಕ್ಕೆ ಪುರಾಣಕಾಲ. ಮೇಷ್ಟ್ರು ಮಕ್ಕಳನ್ನು ಗುಹೆಯ ಮುಂದಿನ ಅಂಗಳದಲ್ಲಿ ಕೈ ಹಿಡಿದು ನಿಲ್ಲಿಸಿದರು. ಮೊದಲ ಹುಡುಗಿ ತಾನೇ, ಅವಳ ಪಕ್ಕದವಳು ಅವಳ ತಾಯಿ, ಆಚೆಯವಳು ಅಜ್ಜಿ, ಅದರಾಚೆ ಮುತ್ತಜ್ಜಿ. ಒಂದೊಂದು ತಲೆಗೆ ಇಪ್ಪತ್ತೈದು ವರ್ಷ. ಸಾಲಿನ ಕೊನೆಯ ಹುಡುಗ ಸುಮಾರು ಸಾವಿರ ವರ್ಷ ಹಿಂದೆ ನಿಂತಿದ್ದ. ಮಂಗಲೇಶ ಇನ್ನೂ ದೂರವಿದ್ದ. "ಇನ್ನೂ ಹದಿನೆಂಟು ಮಂದಿ ಬೇಕಲ್ಲ" ಎಂದು ಮೇಷ್ಟ್ರು ಲೆಕ್ಕ ಹೇಳಿದರು. ಮಕ್ಕಳು ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಮರುಕ್ಷಣವೇ ಮೊದಲ ಹದಿನೆಂಟು ಮಕ್ಕಳು ಕೈ ಬಿಡಿಸಿಕೊಂಡು, ಸಾಲಿನ ಉದ್ದಕ್ಕೂ ಓಡಿ ಕೊನೆಗೆ ಸೇರಿಕೊಂಡರು. ಸಾವಿರದ ನಾನೂರು ವರ್ಷಗಳ ದೂರವನ್ನು ಅವರು ಕಾಲಿನಿಂದ ಓಡಿ ಅಳೆದಿದ್ದರು.

ಬುತ್ತಿ ಬಿಚ್ಚುವ ಹೊತ್ತಿಗೆ ಒಬ್ಬ ಹುಡುಗ ಕೇಳಿದ: "ಹರ್ಷನನ್ನು ಸೋಲಿಸಿದ ಪುಲಕೇಶಿಯ ಅರಮನೆ ಎಲ್ಲಿ?" ಮೇಷ್ಟ್ರು ತುಸು ಹೊತ್ತು ಸುಮ್ಮನಿದ್ದರು. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದ ಕಥೆ ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಅದನ್ನು ಕೊಂಡಾಡಿದ್ದಾನೆ. ಆದರೆ ಎಂಟೇ ವರ್ಷಗಳ ಮೇಲೆ, 642ರಲ್ಲಿ, ಕಂಚಿಯ ಪಲ್ಲವ ದೊರೆ ನರಸಿಂಹವರ್ಮ ಇದೇ ವಾತಾಪಿಯನ್ನು ಹಿಡಿದ. 'ವಾತಾಪಿಕೊಂಡ' ಎಂಬ ಬಿರುದು ಅವನಿಗೆ ಬಂದಿತು. ಅವನ ಶಾಸನ ಈ ಊರಿನ ಬಂಡೆಯೊಂದರ ಮೇಲೆ, ಸವೆದ ಅಕ್ಷರಗಳಲ್ಲಿ, ಇಂದಿಗೂ ಇದೆ.

"ಎಳೆಯ ಮಕ್ಕಳಿಗೆ ಸೋಲಿನ ಕಥೆ ಏಕೆ? ಅಭಿಮಾನ ಕುಂದೀತು" ಎಂದು ತರುಣ ಶಿಕ್ಷಕ ಮೆಲ್ಲನೆ ನುಡಿದ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಎಳೆಯ ಮನಸ್ಸಿಗೆ ಮೊದಲು ಬೇಕಾದದ್ದು ಧೈರ್ಯ. ಯುದ್ಧದ ಕ್ರೌರ್ಯವನ್ನು ಹತ್ತು ವರ್ಷದ ಕೂಸಿಗೆ ಬಣ್ಣಿಸಿ ಹೇಳಬೇಕಾಗಿಯೂ ಇಲ್ಲ. ಆದರೆ ಮಗು ಕೇಳಿದ ಪ್ರಶ್ನೆಗೆ ಉತ್ತರ ಕಲ್ಲಿನಲ್ಲಿಯೇ ಕೊರೆದಿರುವಾಗ ಅದನ್ನು ಮುಚ್ಚಿಡುವುದು ಹೇಗೆ? ಇಂದು ಮುಚ್ಚಿಟ್ಟದ್ದನ್ನು ನಾಳೆ ಅದು ತಾನೇ ಓದಿಕೊಂಡಾಗ, ಮೇಷ್ಟ್ರು ಹೇಳಿದ ನಿಜವನ್ನೂ ನಂಬಲಾರದು. ಮೇಷ್ಟ್ರು ಹೇಳಿಯೇ ಬಿಟ್ಟರು.

ಮಕ್ಕಳು ಮೌನವಾದರು. ಸಾಲಿನಲ್ಲಿ ಮೊದಲು ನಿಂತಿದ್ದ ಹುಡುಗಿ ಕೊನೆಗೆ ಕೇಳಿದಳು: "ಹಾಗಾದರೆ ನಮ್ಮವರು ಮತ್ತೆ ಗೆದ್ದ ಮೇಲೆ ಆ ಕಲ್ಲನ್ನು ಏಕೆ ಒಡೆಯಲಿಲ್ಲ?"

ನೂರು ಪ್ರಶ್ನೋತ್ತರಗಳಲ್ಲಿ ಸಿಕ್ಕದ ಪ್ರಶ್ನೆ ಇದು. ಸುಮಾರು ಹದಿಮೂರು ವರ್ಷಗಳ ಮೇಲೆ ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ರಾಜ್ಯವನ್ನು ಮರಳಿ ಕಟ್ಟಿದ್ದು ನಿಜ. ಶತ್ರುವಿನ ಅಕ್ಷರಗಳು ಬಂಡೆಯ ಮೇಲೆ ಉಳಿದದ್ದೂ ನಿಜ. ಮೇಷ್ಟ್ರು ಉತ್ತರ ಹೇಳಲಿಲ್ಲ. "ಸಂಜೆಯವರೆಗೆ ಯೋಚನೆ ಮಾಡು" ಎಂದರು.

ಬಸ್ಸು ಪಟ್ಟದಕಲ್ಲಿನ ದಾರಿ ಹಿಡಿಯಿತು. ಅದು ಬಾದಾಮಿಯಿಂದ ಇಪ್ಪತ್ತೆರಡು ಕಿಲೋಮೀಟರು. ಜೋಳದ ಹೊಲಗಳ ನಡುವೆ, ಮಲಪ್ರಭೆಯ ದಡದಲ್ಲಿ ಗುಡಿಗಳ ಗುಂಪು. 1987ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಅವುಗಳಲ್ಲಿ ಹಿರಿದಾದ ವಿರೂಪಾಕ್ಷನ ಗುಡಿಯ ಮುಂದೆ ಮೇಷ್ಟ್ರು ಕಥೆಯ ಉಳಿದರ್ಧವನ್ನು ಬಿಚ್ಚಿದರು. ವಾತಾಪಿ ಬಿದ್ದು ಸುಮಾರು ನೂರು ವರ್ಷಗಳಾದ ಮೇಲೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಹಿಡಿದ. ಹಳೆಯ ಹಗೆಯನ್ನು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಉಂಟೆ? ಆದರೆ ಅವನು ಅಲ್ಲಿಯ ರಾಜಸಿಂಹೇಶ್ವರ ದೇವಾಲಯದ, ಎಂದರೆ ಇಂದಿನ ಕೈಲಾಸನಾಥನ ಗುಡಿಯ, ಐಶ್ವರ್ಯವನ್ನು ನೋಡಿ, ಅದನ್ನು ದೇವರಿಗೇ ಮರಳಿಸಿದ. ಆ ಮಾತನ್ನು ಅಲ್ಲಿಯ ಕಂಬವೊಂದರ ಮೇಲೆ ಕನ್ನಡದಲ್ಲಿ ಬರೆಸಿದ. ಕಂಚಿಗೆ ಹೋದವರು ಅದನ್ನು ಇಂದಿಗೂ ಕಾಣಬಹುದು. ಅವನ ವಿಜಯದ ನೆನಪಿಗೆಂದು ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಈ ವಿರೂಪಾಕ್ಷ ದೇವಾಲಯ; ಇದರ ರೂಪದಲ್ಲಿ ಕಂಚಿಯ ಆ ಗುಡಿಯ ಛಾಯೆ ಎದ್ದು ಕಾಣುತ್ತದೆ. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನದಲ್ಲಿದೆ.

ಹುಡುಗಿ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಅವರ ಕಲ್ಲು ನಮ್ಮೂರಿನಲ್ಲಿದೆ; ನಮ್ಮ ಕಲ್ಲು ಅವರ ಊರಿನಲ್ಲಿದೆ. ಇಬ್ಬರೂ ಒಡೆದಿಲ್ಲ."

ಮೇಷ್ಟ್ರು ಅದಕ್ಕೆ ಏನನ್ನೂ ಸೇರಿಸಲಿಲ್ಲ. ತರುಣ ಶಿಕ್ಷಕ ಮಾತ್ರ, ಗುಡಿಯ ಗೋಡೆಯ ಮೇಲೆ ಕೈಯಿಟ್ಟು, ಬಹಳ ಹೊತ್ತು ನಿಂತಿದ್ದ.

ಸಂಜೆ ಬಸ್ಸು ಹೊರಡುವ ಮುಂಚೆ ಮಕ್ಕಳಿಗೆ ಪುಸ್ತಕ ತೆಗೆಯಲು ಅಪ್ಪಣೆಯಾಯಿತು. ಮನಸ್ಸಿಗೆ ತೋಚಿದ ಒಂದು ಮಾತು ಬರೆಯಬೇಕು, ಅಷ್ಟೇ. ಹಲವರು ಹದಿನೆಂಟು ಕೈಗಳ ಮಾತು ಬರೆದರು. ಒಬ್ಬ ಕಪಿ ಕಸಿದುಕೊಂಡ ಬಾಳೆಹಣ್ಣನ್ನು ಮರೆತಿರಲಿಲ್ಲ. ಅರಮನೆಯನ್ನು ಕೇಳಿದ್ದ ಹುಡುಗ ಮಾತ್ರ ಮಾತಿಗೆ ಬದಲಾಗಿ ಒಂದು ಚಿತ್ರ ಬರೆದಿದ್ದ: ಕೈ ಕೈ ಹಿಡಿದ ಪುಟ್ಟ ಮನುಷ್ಯರ ಒಂದು ಉದ್ದ ಸಾಲು. ಹಾಳೆಯಲ್ಲಿ ಸ್ಥಳ ಸಾಲದೆ ಅದು ಪಕ್ಕದ ಹಾಳೆಗೂ ಹರಿದಿತ್ತು.