ಬಿಸಿಲಿನ ಕೈಗಡ

ಸಂಸಾರಸ್ಥರಿಗೆ ಕೈಗಡದ ಮಹಿಮೆಯನ್ನು ನಾನು ಹೇಳಬೇಕಾಗಿಲ್ಲ. ನಾನು ಬೆಳೆದ ವಠಾರದಲ್ಲಿ ಒಂದು ಲೋಟ ಕಾಫಿಪುಡಿ ನಾಲ್ಕು ಮನೆ ಸುತ್ತಿ, ಹದಿನೈದು ದಿನದ ಮೇಲೆ ಹೊರಟ ಮನೆಗೇ ಬಂದು ಸೇರುತ್ತಿತ್ತು. ಹೋದದ್ದು ಪೀಬರಿ, ಬಂದದ್ದು ಮುಕ್ಕಾಲು ಚಿಕೋರಿ ಎಂದು ನಮ್ಮ ತಾಯಿ ಗೊಣಗಿದರೂ ಅಳತೆ ಮಾತ್ರ ಸರಿಯಾಗಿರುತ್ತಿತ್ತು. ಇದೇ ಪದ್ಧತಿಯಿಂದ ಒಂದು ವಿಮಾನ ನಿಲ್ದಾಣವೇ ಸಂಸಾರ ನಡೆಸುತ್ತಿದೆಯೆಂದು ತಿಳಿದಾಗ ನನಗೆ ಅದರ ಮೇಲೆ ಏನೋ ವಿಶ್ವಾಸ ಹುಟ್ಟಿತು.

ಅದು ಕೊಚ್ಚಿಯ ಹತ್ತಿರದ ನೆಡುಂಬಾಶ್ಶೇರಿಯ ನಿಲ್ದಾಣ. 2013ರಲ್ಲಿ ಮಾಳಿಗೆಯ ಮೇಲೆ 100 ಕಿಲೋವಾಟಿನ ಪುಟ್ಟ ಸೌರಘಟಕ ಹಾಕಿ ನೋಡಿದರು. ರುಚಿ ಹತ್ತಿತು. 2015ರ ಆಗಸ್ಟ್ 18ರಂದು 45 ಎಕರೆಯಲ್ಲಿ 46,000ಕ್ಕೂ ಹೆಚ್ಚು ಫಲಕಗಳ, 12 ಮೆಗಾವಾಟಿನ ಘಟಕ ಆರಂಭವಾಯಿತು. ಪೂರ್ತಿ ಬಿಸಿಲಿನಿಂದಲೇ ನಡೆಯುವ ಪ್ರಪಂಚದ ಮೊದಲ ವಿಮಾನ ನಿಲ್ದಾಣವೆಂಬ ಹೆಸರೂ ಬಂತು.

ರಾತ್ರಿ ಏನು ಮಾಡುತ್ತಾರೆ ಎಂದು ನೀವು ಕೇಳುತ್ತೀರಿ. ಕೇಳತಕ್ಕದ್ದೇ. ಕೊಲ್ಲಿ ದೇಶಗಳ ವಿಮಾನಗಳು ಬಂದು ಹೋಗುವುದು ನಡುರಾತ್ರಿಯಲ್ಲಿ. ರನ್‌ವೇ ದೀಪಕ್ಕೆ, ತಂಪು ಹವೆಗೆ, ಪೆಟ್ಟಿಗೆಗಳನ್ನು ಹೊತ್ತು ಸುತ್ತುವ ಬೆಲ್ಟಿಗೆ ನಿದ್ದೆಯೆಂಬುದೇ ಇಲ್ಲ. ಇಲ್ಲಿಯೇ ಕೈಗಡ ಬರುವುದು. ಹಗಲು ಮಿಕ್ಕ ಕರೆಂಟನ್ನು ಕೇರಳದ ವಿದ್ಯುತ್ ಮಂಡಳಿಗೆ ಕೊಟ್ಟು, ಇರುಳಿಗೆ ಅಷ್ಟನ್ನು ಹಿಂದಕ್ಕೆ ಪಡೆಯುತ್ತಾರೆ. ಕೊಟ್ಟದ್ದು ಅಪ್ಪಟ ಬಿಸಿಲು. ಬರುವುದು ಇಡುಕ್ಕಿಯ ನೀರಿನದೋ, ದೂರದ ಕಲ್ಲಿದ್ದಲಿನದೋ, ತಂತಿಗೆ ಭೇದವಿಲ್ಲ. ನಮ್ಮ ತಾಯಿಯಾಗಿದ್ದರೆ ಮೂಸಿ ನೋಡಿ ಚಿಕೋರಿ ಎಂದುಬಿಡುತ್ತಿದ್ದರು. ಆದರೂ ಯೂನಿಟ್ಟಿಗೆ ಯೂನಿಟ್ಟು ಸರಿಹೋಗುತ್ತದೆ. ಅವರು ಹಗಲು ಕೊಟ್ಟಷ್ಟು ಮಟ್ಟಿಗೆ ಎಲ್ಲೋ ಬೇರೆ ಕಡೆಯ ಕರೆಂಟು ಉಳಿಯುತ್ತದೆ. ಇದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತರಕಾರಿಯ ಸಂಗತಿ. ಫಲಕದ ಮೇಲೆ ಧೂಳು ಕೂತರೆ ಕರೆಂಟು ಕಡಿಮೆ, ಆದ್ದರಿಂದ ತೊಳೆಯಬೇಕು. ತೊಳೆದ ನೀರು ನೆಲಕ್ಕೆ ಬಿದ್ದರೆ ಕಳೆ. ಕಳೆ ಎದ್ದು ನಿಂತರೆ ಫಲಕಕ್ಕೆ ನೆರಳು. ಯಾರೋ ಪುಣ್ಯಾತ್ಮರಿಗೆ ಕಳೆಯ ಜಾಗದಲ್ಲಿ ತರಕಾರಿ ಹಾಕುವ ಯೋಚನೆ ಬಂತು! ಈಗ ಮೇಲೆ ಕರೆಂಟಿನ ಬೆಳೆ, ಕೆಳಗೆ ಕುಂಬಳ, ಬೆಂಡೆ. ಎಂಜಿನಿಯರುಗಳು ಮನೆಯ ಹಿತ್ತಿಲನ್ನು ಮರೆತಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮಳೆರಾಯ ಮಾತ್ರ ಯಾರ ಮುಲಾಜಿಗೂ ಸಿಕ್ಕುವವನಲ್ಲ. 2018ರ ಆಗಸ್ಟಿನ ಮಹಾಪೂರದಲ್ಲಿ ಪೆರಿಯಾರಿನ ನೀರು ನಿಲ್ದಾಣದೊಳಕ್ಕೆ ನುಗ್ಗಿ, ಎರಡು ವಾರ ವಿಮಾನಗಳೇ ಇಲ್ಲ. ಸೌರಘಟಕಕ್ಕೂ ಪೆಟ್ಟು ಬಿತ್ತು. ಅದರ ಮರುತಿಂಗಳೇ ವಿಶ್ವಸಂಸ್ಥೆ ಕರೆದು ‘ಚಾಂಪಿಯನ್ಸ್ ಆಫ್ ದಿ ಅರ್ತ್’ ಪ್ರಶಸ್ತಿ ಕೊಟ್ಟಿತು! ಕೆಸರು ತೊಳೆದ ಕೈಯಲ್ಲೇ ಹಾರ ಹಾಕಿಸಿಕೊಂಡಂತಾಯಿತು. ಮಳೆಯೊಡನೆ ಅವರು ಆಮೇಲೆ ರಾಜಿಯನ್ನೂ ಮಾಡಿಕೊಂಡರು: 2021ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಅರಿಪ್ಪಾರದಲ್ಲಿ 4.5 ಮೆಗಾವಾಟಿನ ಜಲವಿದ್ಯುತ್ ಘಟಕವನ್ನು ನಡೆಸತೊಡಗಿದರು. ಸೂರ್ಯ ರಜೆ ಹಾಕುವ ತಿಂಗಳುಗಳಲ್ಲಿ ಹೊಳೆ ತುಂಬಿ ಕೆಲಸಕ್ಕೆ ಬರುತ್ತದೆ.

ಒಂದು ಬಾಬತ್ತು ಈ ಖಾತೆಗೆ ಸೇರಿಲ್ಲ, ಅದೇ ವಿಮಾನ. ನಿಲ್ದಾಣದ ದೀಪ ಬಿಸಿಲಿನದು; ವಿಮಾನ ಕುಡಿಯುವುದು ಸೀಮೆಎಣ್ಣೆಯ ಜಾತಿಯ ಎಣ್ಣೆಯನ್ನೇ. ಆ ಹೊಗೆಯ ಮುಂದೆ ಈ ದೀಪಗಳ ಉಳಿತಾಯ ಚಿಕ್ಕದು. ಹಾಗೆಂದು ನಾನು ಬೆಂಗಳೂರಿನಿಂದ ಕೊಚ್ಚಿಗೆ ರೈಲಿನಲ್ಲೇ ಹೋಗುತ್ತೇನೆಂದು ಭಾವಿಸಬೇಡಿ. ಮಗಳ ಮನೆ ಅಲ್ಲಿದೆ. ರೈಲಿಗೆ ಒಂದು ರಾತ್ರಿ ಬೇಕು, ವಿಮಾನಕ್ಕೆ ಒಂದು ಗಂಟೆ ಚಿಲ್ಲರೆ.