ಲಾರಿ ಪಟ್ಟಿಯ ಕತ್ತಿ

ಶಿರಸಿ ಕಡೆ ತೋಟಕ್ಕೆ ಹೊರಟವರ ಸೊಂಟದಲ್ಲಿ ಕತ್ತಿಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ಏನೂ ಕಡಿಯುವುದಿಲ್ಲವಾದರೂ ಇರಬೇಕು. ಮದುವೆ ಮನೆಯಲ್ಲಿ ಕೂತಾಗಲೂ ಅಪ್ಪಯ್ಯನ ಕೈ ಆಗಾಗ ಸೊಂಟದ ಹಿಂದೆ ಹೋಗಿ ತಡಕಾಡುತ್ತಿತ್ತು. ಪೇಟೆ ಸೇರಿದ ನನ್ನ ಕೈಯೂ ಹಾಗೇ ತಡಕುತ್ತದೆ, ಸಿಗುವುದು ಮೊಬೈಲು.

ಹೊಸ ಕತ್ತಿ ಬೇಕೆಂದು ಕುಲುಮೆಗೆ ಹೋದರೆ ಆಚಾರ್ರು ಮೊದಲು ಕೇಳಿದ್ದು, "ಪಟ್ಟಿ ತಂದಿದ್ರಾ ಹೆಗಡೇರೆ?" ಅಂತ. ಲಾರಿಯ ಸ್ಪ್ರಿಂಗ್ ಪಟ್ಟಿ. ಅದೂ ಲೋಡು ಹೊತ್ತು ದೇವಿಮನೆ ಘಟ್ಟ ಹತ್ತಿಳಿದು ಸವೆದದ್ದಾದರೆ ಅವರಿಗೆ ಇನ್ನೂ ಗೌರವ. ಕಿಟಕಿ ಸರಳಿನ ಮೆತು ಕಬ್ಬಿಣ ಎಷ್ಟು ಕಾಸಿ ಅದ್ದಿದರೂ ಗಡಸಾಗುವುದಿಲ್ಲ. ಪಟ್ಟಿಯಲ್ಲಿ ನೂರು ಪಾಲಿಗೆ ಸುಮಾರು ಅರ್ಧ ಪಾಲು ಇಂಗಾಲವಿದೆ, ಕತ್ತಿಗೆ ಬಾಯಿ ಬರಲು ಅಷ್ಟು ಸಾಕು. ಒಂದು ಕಾಲಕ್ಕೆ ಅದಿರಿನಿಂದಲೇ ಉಕ್ಕು ತೆಗೆಯುತ್ತಿದ್ದ ನಾಡು ನಮ್ಮದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಆ ಕುಲುಮೆಗಳ ವಿವರ ಬರೆದಿಟ್ಟ. 1819ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಕೂತು ಭಾರತದ ಉಕ್ಕಿನ ಗುಟ್ಟು ಹುಡುಕಿದ. ನಾನು ಹುಡುಕಿದ್ದು ಹುಬ್ಬಳ್ಳಿ ರಸ್ತೆಯ ಗುಜರಿಯಲ್ಲಿ.

ತಿದಿಯ ಜಾಗದಲ್ಲೀಗ ಕರೆಂಟಿನ ಬ್ಲೋವರ್. ಚಮ್ಮಟಿಗೆ ಬಡಿಯಲು ಜನವಿಲ್ಲವೆಂದು ನನ್ನ ಕೈಗೇ ಕೊಟ್ಟರು. ತುಸು ಹೊತ್ತಿಗೆ ಮಾತಿಲ್ಲದೆ ವಾಪಸ್ ಇಸಿದುಕೊಂಡರು. ಅವರ ದಾಕ್ಷಿಣ್ಯ ದೊಡ್ಡದು.

ಪಟ್ಟಿ ಕತ್ತಿಯಾದ ಮೇಲೆ ಹದ ಹಾಕುವ ಹೊತ್ತು ಬಂತು. "ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟೋದಿಲ್ಲ, ಅದೇ ಗುರುತು" ಎಂದು ನನ್ನ ಓದನ್ನು ಹೊರತೆಗೆದೆ. ಆಚಾರ್ರು ಎದ್ದು ಬಾಗಿಲು ಮುಚ್ಚಿದರು. ನನ್ನನ್ನು ಹೊರಹಾಕಲಿಕ್ಕಲ್ಲ, ಕೆಂಪಿನ ಬಣ್ಣ ಕತ್ತಲಲ್ಲೇ ಸರಿಯಾಗಿ ಕಾಣುವುದು. ನೀರಿಗಿಳಿಸಿದರೆ ಬಾಯಿ ಸೀಳೀತೆಂದು ಎಂಜಿನ್ನಿನ ಹಳೆ ಎಣ್ಣೆಗೆ ಅದ್ದಿದರು. ಲಾರಿಯ ಋಣ ಅಲ್ಲೂ ತೀರಲಿಲ್ಲ. ಅಷ್ಟಕ್ಕೇ ಬಿಟ್ಟರೆ ಗಾಜಿನಂತೆ ಚಕ್ಕೆ ಏಳುತ್ತದೆ. ಉಜ್ಜಿ ಬೆಳಗಿಸಿ ಮತ್ತೆ ಕೆಂಡದ ಮೇಲೆ ಹಿಡಿದು, ಒಣಹುಲ್ಲಿನ ಬಣ್ಣ ಕಂದಿಗೆ ತಿರುಗುವಾಗ ಎತ್ತಿಬಿಟ್ಟರು. ನೀಲಿಯಾದರೆ ಬಾಯಿ ಮೆತ್ತಗಂತೆ.

ಅಜ್ಜನ ಕತ್ತಿಗೆ ಜಿಂಕೆ ಕೊಂಬಿನ ಹಿಡಿಯಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಆಸೆ ಇಟ್ಟುಕೊಳ್ಳುವಂತಿಲ್ಲ. ಬೀಟೆ ಎಂದರೆ ಅರಣ್ಯ ಇಲಾಖೆಯ ನೆನಪಾಗುತ್ತದೆ. ಉಳಿದದ್ದು ಹಿತ್ತಲಲ್ಲಿ ಬಿದ್ದ ಬಗನೆ ಮರ. ಅರಗು ಕರಗಿಸಿ ಹಿಡಿ ಕೂರಿಸುವ ಮುಂಚೆ ಆಚಾರ್ರು "ಕೈ ತೋರ್ಸಿ" ಅಂದರು. ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬರೆಯೋ ಕೆಲ್ಸ ಅಲ್ದಾ? ಹಿಡಿ ಸಪೂರ ಸಾಕು" ಎಂದು ತೀರ್ಪು ಕೊಟ್ಟರು. ನನ್ನ ಸಾಹಿತ್ಯದ ಬಗ್ಗೆ ಇಷ್ಟು ಚುಟುಕಾದ ವಿಮರ್ಶೆ ಬೇರೆ ಬಂದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಆ ಕತ್ತಿಗೆ ಸಿಕ್ಕ ಕೆಲಸ ತೆಂಗಿನಕಾಯಿ ಒಡೆಯುವುದೊಂದೇ. ಅದನ್ನು ಹಿಡಿದು ಬಾಲ್ಕನಿಗೆ ಹೋಗಬಾರದೆಂದು ಮನೆಯವಳ ಆಜ್ಞೆ ಬೇರೆ. ಆದರೂ ಹೇಳುತ್ತೇನೆ: ಊರಿನ ಕುಲುಮೆಯಲ್ಲಿ ಇನ್ನೂ ಹೊಗೆಯೇಳುತ್ತಿದ್ದರೆ ಈ ವರ್ಷವೇ ಒಂದು ಕತ್ತಿ ತಟ್ಟಿಸಿಕೊಳ್ಳಿ. ಎಷ್ಟೋ ದೊಡ್ಡ ಬಸ್ಸುಗಳಿಗೆ ಆಗಲೇ ಪಟ್ಟಿ ಹೋಗಿ ಗಾಳಿಯ ಸಸ್ಪೆನ್ಷನ್ ಬಂದಿದೆ. ಗಾಳಿಯನ್ನು ಕಾಸಿ ಕತ್ತಿ ತಟ್ಟುವ ವಿದ್ಯೆ ಯಾವ ಆಚಾರ್ರಿಗೂ ಬರುವುದಿಲ್ಲ.