ಅಜ್ಜಿಯ ವ್ಯಾಕರಣ

ವ್ಯಾಕರಣವೆಂದೊಡನೆ ಮಕ್ಕಳ ಮುಖ ಬಾಡುವುದು. ಅಣ್ಣಿಗೇರಿಯ ಎರೆಭೂಮಿಗೆ ಹಿಂಗಾರು ಕೈಕೊಟ್ಟ ವರ್ಷ, ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ಸಂಜೆ, ಒಕ್ಕಲು ಮನೆತನದ ಹುಡುಗನೊಬ್ಬನು ಸಂಧಿಪ್ರಕರಣವನ್ನು ಬಾಯಿಪಾಠ ಮಾಡುತ್ತಿದ್ದನು. ಲಕ್ಷಣವೇನೋ ನಾಲಿಗೆಗೆ ಬಂದಿತು, ಉದಾಹರಣೆ ಬಾರದು. ಈ ವಿದ್ಯೆ ತನ್ನಂಥವರಿಗಲ್ಲವೆಂದು ಪುಸ್ತಕ ಮುಚ್ಚಿದನು.

ಆಗ ಹೊಲದಿಂದ ಬಂದ ಅಜ್ಜಿ ನಿಟ್ಟುಸಿರಿಟ್ಟಳು: “ಮಳಿಗಾಲ ಮುಗೀತು, ತಮ್ಮಾ. ಮಳಿಯಿಲ್ಲ, ಕೆರ್‍ಯಾಗ ನೀರಿಲ್ಲ.”

ಹುಡುಗನು ಬೆರಗಾದನು. ‘ಮಳಿಗಾಲ’ದಲ್ಲಿ ಕಕಾರವು ಗಕಾರವಾದುದು ಆದೇಶ, ‘ಮಳಿಯಿಲ್ಲ’ ಎಂಬಲ್ಲಿ ಯಕಾರ ಬಂದುದು ಆಗಮ, ‘ನೀರಿಲ್ಲ’ ಎಂಬಲ್ಲಿ ಉಕಾರ ಅಳಿದುದು ಲೋಪ. ಅಕ್ಷರವರಿಯದ ಅಜ್ಜಿಯ ಒಂದೇ ಅಳಲಿನಲ್ಲಿ ಮೂರೂ ಸಂಧಿಗಳು!

13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನೂ ಪೂರ್ವಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಹಿಡಿದನು. ಆ ಕವಿಗಳಲ್ಲಿ ಹಿರಿಯನಾದ, ತಾಯಿಯ ಕಡೆಯಿಂದ ಅಣ್ಣಿಗೇರಿಯ ನಂಟುಳ್ಳ ಪಂಪನು, 10ನೆಯ ಶತಮಾನದಲ್ಲಿ ತನ್ನ ಭಾರತವನ್ನು ಪುಲಿಗೆರೆಯ, ಎಂದರೆ ಸಮೀಪದ ಲಕ್ಷ್ಮೇಶ್ವರದ, ತಿರುಳ್ಗನ್ನಡದಲ್ಲಿ ಹೇಳಿದನು. ನುಡಿ ಮೊದಲು, ಸೂತ್ರ ಆಮೇಲೆ.

ಮರುದಿನ ಉತ್ತರಪತ್ರಿಕೆಯಲ್ಲಿ ಹುಡುಗನು ಅಜ್ಜಿಯ ಮಾತುಗಳನ್ನೇ ಬರೆದನು. ‘ನೀರಿಲ್ಲ’ ಎಂಬಲ್ಲಿ ಮಾತ್ರ ಅವನ ಕೈ ಕ್ಷಣಕಾಲ ತಡೆಯಿತು.